ನಮ್ಮ ಮನೆಯವರ ವಿದೇಶಾಂಗ ನೀತಿ

ಪೇಪರು ಕೈಗೆ ಬಂದ ಕೂಡಲೇ ನೀವು ಮೊದಲು ಯಾವ ಪುಟ ತೆಗೆಯುತ್ತೀರೋ ನನಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಹೆಚ್ಚಿನವರು ಕ್ರಿಕೆಟ್ಟಿನ ಪುಟಕ್ಕೆ ಹೋಗುತ್ತಾರೆ. ನನ್ನ ವಾರಗಿತ್ತಿ ರಾಶಿಫಲಕ್ಕೆ ಹೋಗುತ್ತಾಳೆ; ತನ್ನ ರಾಶಿ ಚೆನ್ನಾಗಿಲ್ಲದಿದ್ದರೆ ಗಂಡನ ರಾಶಿ ಓದಿ ಸಮಾಧಾನ ಮಾಡಿಕೊಳ್ಳುತ್ತಾಳೆ. ನಾನು ಮಾತ್ರ ಎಲ್ಲವನ್ನೂ ಸರಿಸಿ ಒಳಗಿನ ವಿದೇಶದ ಪುಟ ತೆಗೆಯುತ್ತೇನೆ. ಯಾವ ದೇಶ ಯಾವ ದೇಶದ ಮೇಲೆ ಮುನಿಸಿಕೊಂಡಿದೆ, ಎಲ್ಲಿ ವಿಮಾನ ನಿಲ್ದಾಣ ಮುಚ್ಚಿದೆ, ಯಾವ ಸಮುದ್ರದಲ್ಲಿ ಹಡಗು ತಡೆದಿದ್ದಾರೆ ಎಂದು ಬೆರಳಿಟ್ಟು ಓದುತ್ತೇನೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. "ಅನ್ನಪೂರ್ಣಾ, ಹಾಲೆಲ್ಲಿ ಹೋಯ್ತು?" ಎಂದು ಇವರು ಕೇಳಿದರೆ "ಕೊಲ್ಲಿ ದೇಶಕ್ಕೆ" ಅನ್ನುತ್ತೇನೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯವರ ಹೆಂಡತಿಗೆ ಇಂಥ ಅಭ್ಯಾಸ ಯಾಕೆ ಅಂಟಿಕೊಂಡಿತು ಎಂದರೆ, ನಮ್ಮ ಮನೆಯವರು ಪಟ್ಟಣ ಪಂಚಾಯ್ತಿ ಚುನಾವಣೆಗೆ ನಿಂತದ್ದರಿಂದ. ವಾರ್ಡು ಅಂದರೆ ನಮ್ಮ ಬೀದಿ, ಹಿಂದಿನ ನೇಕಾರರ ಓಣಿ, ಆಚೆಗೊಂದಿಷ್ಟು ಮನೆ, ಅಷ್ಟೇ. ಅವರು ಭಾಷಣ ಮಾಡಿದ್ದು ಮಾತ್ರ ಇಡೀ ಭೂಮಂಡಲದ ಮೇಲೆ.

ತಪ್ಪನ್ನೆಲ್ಲ ಅವರ ಮೇಲೆ ಹೊರಿಸುವುದೂ ಸರಿಯಲ್ಲ. ದೂರದ ದೇಶಗಳಿಗೆ ಹೆದರುವುದನ್ನು ನಾನು ತವರಿನಿಂದಲೇ ತಂದಿದ್ದೆ. ಚಳ್ಳಕೆರೆಯಲ್ಲಿ ನಮ್ಮಪ್ಪನದು ಶೇಂಗಾ ಎಣ್ಣೆಯ ಮಿಲ್ಲು. ನನ್ನ ಬಾಲ್ಯಕ್ಕೆಲ್ಲ ಒಂದೇ ವಾಸನೆ, ಬಿಸಿ ಹಿಂಡಿಯದು. ಶಾಲೆಯಿಂದ ಬಂದು ಸಿಪ್ಪೆಯ ಗುಡ್ಡೆಯ ಮೇಲಿಂದ ಜಾರಿದರೆ, ಜಡೆಯೊಳಗೆ ಸೇರಿದ ಸಿಪ್ಪೆ ಆಯುವುದರಲ್ಲೇ ಅವ್ವನ ಸಂಜೆ ಕಳೆಯುತ್ತಿತ್ತು. ಅಂಥ ಸಂಜೆಗಳಲ್ಲಿ ಒಮ್ಮೊಮ್ಮೆ ಅಪ್ಪ ಮುಖ ಕಪ್ಪಿಟ್ಟುಕೊಂಡು ಒಳಗೆ ಬಂದು, "ಹಡಗು ಬಂದೈತಂತೆ" ಅನ್ನುತ್ತಿದ್ದರು. ಅವ್ವ ನನ್ನ ಜಡೆ ಬಿಟ್ಟು ಎದ್ದು ಹೋಗಿ ಸದ್ದಿಲ್ಲದೆ ತಟ್ಟೆ ಇಡುತ್ತಿದ್ದಳು. ಆವತ್ತು ಮನೆಯಲ್ಲಿ ಯಾರೂ ನಗುವಂತಿರಲಿಲ್ಲ.

ಚಳ್ಳಕೆರೆಗೆ ಹಡಗೇ? ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತರೆ ಪೂಜೆ ಮಾಡುವ ಊರು ನಮ್ಮದು. ಆದರೂ ನಾನು ಆ ಹಡಗನ್ನು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೇನೆ. ಕರ್ರಗೆ, ಮಿಲ್ಲಿನ ಚಿಮಣಿಗಿಂತ ಎತ್ತರವಾಗಿ, ಬಳ್ಳಾರಿ ರಸ್ತೆಯಲ್ಲಿ ಜಾಲಿ ಗಿಡಗಳನ್ನು ಮುರಿದುಕೊಂಡು ನಮ್ಮ ಮನೆಯ ಕಡೆಗೇ ಬರುತ್ತಿತ್ತು. ಹೊರದೇಶದ ತಾಳೆ ಎಣ್ಣೆ ತುಂಬಿದ ಹಡಗು ಮಂಗಳೂರಿಗೆ ಬಂದರೆ ನಮ್ಮೂರಿನಲ್ಲಿ ಶೇಂಗಾ ಎಣ್ಣೆಯ ಧಾರಣೆ ಬಿದ್ದುಹೋಗುತ್ತದೆ ಎಂಬುದು ತಿಳಿದದ್ದು ದೊಡ್ಡವಳಾದ ಮೇಲೆ. ತಿಳಿದ ಮೇಲೂ ಭಯ ಹೋಗಲಿಲ್ಲ. ಈಗ ನೋಡಿ, ನಮ್ಮ ಸೋದರತ್ತೆ ಕುರಿ ಮೇಯಿಸುತ್ತಿದ್ದ ದೊಡ್ಡಉಳ್ಳಾರ್ತಿಯ ಕಾವಲಿನ ಕಡೆ ರಕ್ಷಣಾ ಇಲಾಖೆಯವರ ದೊಡ್ಡ ದೊಡ್ಡ ಕಾಂಪೌಂಡು ಎದ್ದಿವೆ. ಒಳಗೆ ಏನು ಮಾಡುತ್ತಾರೋ ನಮಗೆ ತಿಳಿಯದು. ತವರಿಗೆ ಹೋದಾಗ ಆಕಾಶದಲ್ಲಿ ಏನಾದರೂ ಗುರ್ ಎಂದರೆ ನಮ್ಮಣ್ಣ ಉಣ್ಣುತ್ತಲೇ "ಏನೋ ಟೆಸ್ಟಿಂಗು" ಅನ್ನುತ್ತಾನೆ. ನಾನು ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಹೋಗಿ ಮೇಲೆ ನೋಡುತ್ತೇನೆ.

ಇಂಥವಳಿಗೆ ಸಿಕ್ಕ ಗಂಡ ಪಂಚಾಕ್ಷರಿ. ಊರಿನವರಿಗೆ ಪಂಚಣ್ಣ. ಅಂಗಡಿಯ ಗಾದಿಯ ಮೇಲೆ ಕೂತಾಗ ಅವರಷ್ಟು ತಣ್ಣನೆಯ ಮನುಷ್ಯ ನಿಮಗೆ ಸಿಗಲಾರ. ಒಂದು ಸಲ ಗೌರಸಮುದ್ರದ ಕಡೆಯ ಬೀಗರಿಬ್ಬರು ಧಾರೆ ಸೀರೆ ತೆಗೆಯಲು ಬಂದು, ಹೆಣ್ಣಿನ ತಾಯಿ ಹಸಿರು ಅಂದರೆ ಗಂಡಿನ ತಾಯಿ ಕೆಂಪು ಎಂದು ಹಟ ಹಿಡಿದು, ಮಾತು ಬೆಳೆದು, ಮದುವೆಯೇ ಮುರಿಯುವ ಹಾಗಾಯಿತು. ಇವರು ಇಬ್ಬರಿಗೂ ಟೀ ತರಿಸಿದರು. ಒಂದೊಂದೇ ಸೀರೆಯನ್ನು ನಿಧಾನವಾಗಿ ಮಡಚುತ್ತಾ, "ನಿಮ್ಮ ಮದುವೀಗೆ ಯಾವ ಬಣ್ಣ ಉಟ್ಟಿದ್ರಿ ತಾಯೀ?" ಎಂದು ಇಬ್ಬರನ್ನೂ ಕೇಳಿದರು. ಟೀ ಮುಗಿಯುವ ಹೊತ್ತಿಗೆ ಇಬ್ಬರು ಬೀಗಿತ್ತಿಯರೂ ತಮ್ಮ ತಮ್ಮ ಮದುವೆಯನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಹಸಿರು ಒಡಲು, ಕೆಂಪು ಅಂಚು ತೆಗೆದುಕೊಂಡು ಹೋದರು.

ಆದರೆ ಇದೇ ಮನುಷ್ಯನ ಮುಂದೆ ಮೈಕು ಇಟ್ಟರೆ ಬೇರೆಯೇ ಆಗಿಬಿಡುತ್ತಾರೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಟೀವಿಯ ಕೂಗಾಟ ನೋಡಿ ನೋಡಿ ಅವರ ತಲೆಯಲ್ಲಿ ದೇಶದೇಶಗಳೆಲ್ಲ ತುಂಬಿಕೊಂಡಿದ್ದವು. ಆ ವರ್ಷ ನಮ್ಮ ವಾರ್ಡು ಸಾಮಾನ್ಯಕ್ಕೆ ಬಂತು. ಸ್ನೇಹಿತರು ಕಟ್ಟೆಯ ಮೇಲೆ ಕೂತು "ನಿಲ್ರಿ ಪಂಚಣ್ಣ" ಎಂದರು, ಇವರು ನಿಂತೇಬಿಟ್ಟರು. ಯಾವ ಪಕ್ಷವೂ ಇಲ್ಲ. ಗುರುತು ಕಪ್ಪು-ಬಸಿ. ಎದುರಿಗೆ ನಿಂತವರು ಹಾರ್ಡ್‌ವೇರ್ ಅಂಗಡಿಯ ತಿಮ್ಮಣ್ಣ. ಅವರು ಮನೆಮನೆಗೆ ಬಂದು "ಚರಂಡಿ ಮಾಡಿಸ್ತೀನ್ರಿ" ಎನ್ನುತ್ತಿದ್ದರು, ಬೇರೆ ಮಾತೇ ಇಲ್ಲ.

ಮೊದಲ ಭಾಷಣದಲ್ಲಿ ಇವರು ಚೀನಾ ಹಿಡಿದರು. ಹೊರಗಿನ ರೇಷ್ಮೆ ನೂಲು ಬಂದು ನಮ್ಮ ಗೂಡು ಬೆಳೆಗಾರರು ಹಾಳಾದರು, ಚೀನಾದ ನೂಲಿಗೆ ಬಾಗಿಲು ಹಾಕಬೇಕು ಎಂದರು. ಮುಂದೆ ಕೂತಿದ್ದ ನೇಕಾರರ ಮುಖ ಸಣ್ಣಗಾಯಿತು. ಅವರಿಗೆ ಅಗ್ಗವಾಗಿ ಸಿಗುತ್ತಿದ್ದದ್ದು ಅದೇ ನೂಲು. ಮಾರನೆಯ ದಿನ ಸರಿಪಡಿಸಲು ಹೋಗಿ, ಬಾಗಿಲನ್ನು ಅರ್ಧ ಹಾಕಬೇಕು ಎಂದರು. ಗೂಡು ಬೆಳೆಯುವವರೂ ಸಿಟ್ಟಾದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದೆ. ಆ ಸೆರಗಿನ ಅಂಚು ಆಮೇಲೆ ನೆಟ್ಟಗಾಗಲೇ ಇಲ್ಲ.

ಆಮೇಲೆ ಅವರು ಪಾಕಿಸ್ತಾನಕ್ಕೆ ಬಂದರು. ಪಾಕಿಸ್ತಾನದ ವಿಷಯದಲ್ಲಿ ವಾರ್ಡಿನಲ್ಲಿ ಯಾರಿಗೂ ಏನೂ ನಷ್ಟವಿರಲಿಲ್ಲ. "ಮಾತುಕತೆ ಯಾಕ್ ಬೇಕ್ರಿ? ಅವ್ರ ಕೂಡ ಒಂದ್ ಮಾತೂ ಬ್ಯಾಡ! ಬಾಗ್ಲು ಹಾಕ್ರಿ, ಚಿಲ್ಕ ಹಾಕ್ರಿ, ಕಿಟ್ಕೀನೂ ಹಾಕ್ರಿ!" ಎಂದು ಇವರು ಗುಡುಗಿದಾಗ ಬಿದ್ದ ಚಪ್ಪಾಳೆಗೆ ನಾನೇ ಬೆಚ್ಚಿದೆ. ಮರುದಿನದಿಂದ ಅದೇ ಮಾತು, ಇನ್ನಷ್ಟು ಗಟ್ಟಿಯಾಗಿ. ಹುಡುಗರು ವಿದೇಶಾಂಗ ಮಂತ್ರಿ ಎಂದು ಹೆಸರಿಟ್ಟರು. ಇವರಿಗೆ ಅದು ಗೇಲಿ ಎಂದು ಅನ್ನಿಸಲೇ ಇಲ್ಲ.

"ಪಂಚಣ್ಣ, ಪಾಕಿಸ್ತಾನಕ್ಕೂ ನಮ್ಮ ಚರಂಡೀಗೂ ಏನ್ ಸಂಬಂಧ ಐತ್ರಿ?" ಎಂದು ತಿಮ್ಮಣ್ಣ ದಾರಿಯಲ್ಲಿ ಸಿಕ್ಕಾಗ ನಗುತ್ತಾ ಕೇಳಿದರು.

"ದೇಶಾನೇ ಸೋರ್ತಿದ್ರೆ ಚರಂಡಿ ಕಟ್ಕೊಂಡು ಏನ್ಮಾಡ್ತಿ ತಿಮ್ಮಣ್ಣ?" ಎಂದು ಇವರು ತಿರುಗೇಟು ಕೊಟ್ಟರು.

ನನಗೆ ಕಾಣುತ್ತಿದ್ದದ್ದು ಬೇರೆ. ನಮ್ಮ ನೂಲಿಗೆಲ್ಲ ಬಣ್ಣ ಹಾಕಿಕೊಡುವ ಬುಡೇನ್ ಸಾಬರು ಇದೇ ವಾರ್ಡಿನವರು. ಇವರಿಗೆ ಚೂರುಪಾರು ಉರ್ದು ಕಲಿಸಿದವರೂ ಅವರೇ. ದಿನಾ ಸಭೆಗೆ ಬಂದು ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿದ್ದರು. ಇವರು ಪಾಕಿಸ್ತಾನ ಅಂದ ಕೂಡಲೇ ನಾಲ್ಕಾರು ತಲೆಗಳು ಆ ಕಲ್ಲಿನ ಕಡೆ ತಿರುಗುತ್ತಿದ್ದವು. ಬುಡೇನ್ ಸಾಬರು ಬಗ್ಗಿ ತಮ್ಮ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುತ್ತಿದ್ದರು. ಅದು ಕಿತ್ತುಹೋಗಿರಲಿಲ್ಲ. ಮನೆಗೆ ಬಂದ ಮೇಲೆ ನಾನು ಹೇಳಿದೆ, "ರೀ, ಸಾಬರ ಮುಖ ನೋಡಿದ್ರಾ?"

"ಅವ್ರಿಗ್ಯಾಕೆ ಬೇಜಾರು? ನಾನು ಅಂದದ್ದು ಪಾಕಿಸ್ತಾನಕ್ಕೆ" ಎಂದರು. ಆದರೆ ಉಂಡ ಕೈ ತೊಳೆಯಲು ಬಹಳ ಹೊತ್ತು ತೆಗೆದುಕೊಂಡರು.

ಹೀಗಿರುವಾಗ ಕೊಲ್ಲಿಯಲ್ಲಿ ಗಲಾಟೆ ಎದ್ದಿತು. ಯಾರು ಯಾರ ಮೇಲೆ ಹಾರಿಸಿದರೋ, ಟೀವಿಯ ತುಂಬ ಕೆಂಪು ಬೆಳಕು, ಹೊಗೆ. ಆ ಕಡೆಯ ವಿಮಾನಗಳೆಲ್ಲ ನಿಂತವು. ಇವರಿಗೆ ಹುರುಪು ಹೆಚ್ಚಾಯಿತು, ಭಾಷಣಕ್ಕೆ ಹೊಸ ದೇಶಗಳು ಸಿಕ್ಕವು. ನಾನು ಟೀವಿ ಆರಿಸುತ್ತಿದ್ದೆ, ಅವರು ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಹಿಂದಿನ ಓಣಿಯ ಲಕ್ಷ್ಮಕ್ಕ ಅಂಗಡಿಗೆ ಬಂದಳು. ಅವಳದು ತೆಲುಗು ಮನೆಮಾತು. ಗಂಡ ಹೋದ ಮೇಲೆ ಒಬ್ಬಳೇ ಮಗ್ಗ ನಡೆಸಿ ಮಗ ಓಬಳೇಶನನ್ನು ಬೆಳೆಸಿದವಳು. ಓಬಳೇಶ ಏಸಿ ರಿಪೇರಿ ಕಲಿತು ಕೊಲ್ಲಿಗೆ ಹೋಗಿದ್ದ. ಸೀರೆ ಕೊಡಲು ಬಂದಿದ್ದಾಳೆ ಎಂದುಕೊಂಡು ನಾನು ಚಾಪೆ ಹಾಸಿದೆ. ಅವಳ ಕೈಯಲ್ಲಿ ಸೀರೆ ಇರಲಿಲ್ಲ, ಮೊಬೈಲು ಇತ್ತು.

"ಸಾಮೀ, ನಮ್ ಓಬಳೇಶಂದು ಫೋನೇ ಇಲ್ಲ. 'ಕ್ಯಾಂಪಿಂದ ಬೇರೆ ಕಡೆ ಕರ್ಕೊಂಡ್ ಹೋಗ್ತಾರಂತೆ ಅಮ್ಮಾ' ಅಂದ. ಅಷ್ಟೇ. ಆಮ್ಯಾಲೆ ಸ್ವಿಚಾಫು. ನೀವು ಎಲ್ಲಾ ದೇಶದ್ದೂ ಮಾತಾಡ್ತೀರಲ್ಲ ಸಾಮಿ. ನಿಮಗೆ ಅಲ್ಲಿ ಯಾರಾನ ಗೊತ್ತಿರ್ತಾರೆ. ನನ್ ಮಗನ್ನ ಕರೆಸ್ರಿ."

ಅಂಗಡಿಯಲ್ಲಿ ಪ್ರಚಾರದ ಹುಡುಗರಿದ್ದರು, ಸೀರೆ ನೋಡುತ್ತಿದ್ದ ಇಬ್ಬರು ಹೆಂಗಸರಿದ್ದರು. ಎಲ್ಲರೂ ಇವರ ಮುಖ ನೋಡಿದರು. ನಮ್ಮವರಿಗೆ ಗೊತ್ತಿದ್ದ ಅತಿ ದೂರದ ಮನುಷ್ಯ ಅಂದರೆ ಸೂರತ್ತಿನ ಜರಿ ವ್ಯಾಪಾರಿ. 'ನನಗೆ ಯಾರೂ ಗೊತ್ತಿಲ್ಲಮ್ಮ' ಎಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಕರೆಸ್ತೀನಿ ಲಕ್ಷ್ಮಕ್ಕ" ಎಂದರು ಇವರು.

ಮತದಾನ ಹತ್ತಿರ ಬಂದಿತ್ತು, ಎಲ್ಲರೂ ಏನೇನೋ ಮಾತು ಕೊಡುವ ಕಾಲ. ಆದರೆ ಚರಂಡಿಯ ಮಾತು ತಪ್ಪಿದರೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಅಷ್ಟೇ. ಈ ಮಾತು ತಪ್ಪಿದರೆ ಆ ಹೆಂಗಸಿನ ಮುಖವನ್ನು ದಿನಾ ಬೀದಿಯಲ್ಲಿ ಹೇಗೆ ನೋಡುವುದು?

ಸರ್ಕಾರದ ಸಹಾಯವಾಣಿಗೆ ಫೋನು ಹಚ್ಚಿದರು. ಸಿಗಲಿಲ್ಲ. ಮತ್ತೆ ಹಚ್ಚಿದರು. ಸಂಗೀತ ಬರುತ್ತಿತ್ತು, ಸಂಗೀತ ನಿಂತು ಲೈನು ಕಟ್ಟಾಗುತ್ತಿತ್ತು. ಜಿಲ್ಲಾ ಕಚೇರಿಯ ಒಬ್ಬರು ಸಿಕ್ಕಿ ಹೆಸರು, ಊರು ಬರೆದುಕೊಂಡು "ಮೇಲಕ್ಕೆ ತಿಳಿಸ್ತೀವಿ" ಎಂದರು. ಲಕ್ಷ್ಮಕ್ಕ ಚಾಪೆಯ ಮೇಲೆ ಕೂತೇ ಇದ್ದಳು. ನಾನು ಕೊಟ್ಟ ಟೀ ಕೆನೆಗಟ್ಟಿತು. ಆಗ ಅವಳಿಗೆ ನೆನಪಾಯಿತು. ಓಬಳೇಶ ಒಂದು ಸಲ ತನ್ನ ಫೋನು ಕೆಟ್ಟಿದೆ ಎಂದು ಬೇರೆ ನಂಬರಿನಿಂದ ಮಾಡಿದ್ದ. 'ನಮ್ಮ ಮೇಸ್ತ್ರೀದು' ಎಂದಿದ್ದ. ಆ ನಂಬರು ಮೊಬೈಲಿನಲ್ಲೇ ಇತ್ತು.

ಇವರು ಅದಕ್ಕೆ ಹಚ್ಚಿದರು. ತಾಯಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು. ರಿಂಗಾಯಿತು. ಬಹಳ ಹೊತ್ತಿನ ಮೇಲೆ ಒಂದು ಒಡಕು ಗಂಡು ದನಿ, "ಹಲೋ?"

"ಸಲಾಂ ಭಾಯಿಸಾಬ್. ಓಬಳೇಶ್ ಎಂಬ ಹುಡುಗ ನಿಮ್ಮ ಕಡೆ ಇದಾನಾ? ನಾನು ಅವನ ಊರಿನವನು" ಎಂದು ಇವರು ತಮ್ಮ ಉರ್ದುವಿನಲ್ಲಿ ಕೇಳಿದರು. ಅವರ ಉರ್ದು ಅಂದರೆ ವ್ಯಾಪಾರದ ಉರ್ದು, ಅರ್ಧ ಕನ್ನಡ. ಆದರೂ ಆ ದನಿಗೆ ತಿಳಿಯಿತು.

"ಓಬ್ಲೇಶಾ? ನಮ್ಮ ಹುಡುಗ! ಇಲ್ಲೇ ಮಲಗಿದಾನೆ." ಕೆಲಸಗಾರರ ಕ್ಯಾಂಪಿನ ಪಕ್ಕದಲ್ಲಿ ಏನೋ ಬಿದ್ದು ಗಾಜೆಲ್ಲ ಒಡೆಯಿತಂತೆ. ಓಬಳೇಶನ ಕಾಲಿಗೆ ಗಾಜು ಹೊಕ್ಕು ಜ್ವರ ಬಂದಿದೆಯಂತೆ. ಎಲ್ಲರನ್ನೂ ಒಂದು ಗೋದಾಮಿಗೆ ಸಾಗಿಸಿದ್ದಾರೆ, ಕರೆಂಟಿಲ್ಲ, ಹುಡುಗರ ಫೋನುಗಳೆಲ್ಲ ಸತ್ತಿವೆ, ಲಾರಿಯ ಬ್ಯಾಟರಿಯಿಂದ ತನ್ನದೊಂದಕ್ಕೆ ಮಾತ್ರ ಚಾರ್ಜು ಹಾಕಿಕೊಂಡಿದ್ದಾನಂತೆ. ಪಾಸ್‌ಪೋರ್ಟು ಕಂಪನಿಯವರ ಹತ್ತಿರ, ಕಂಪನಿಯವರು ಎಲ್ಲಿದ್ದಾರೋ ದೇವರಿಗೇ ಗೊತ್ತು. "ಹೆದರಬೇಡಿ ಅಂತ ಅವನ ಅಮ್ಮನಿಗೆ ಹೇಳಿ. ಗಾಯ ನಾನೇ ತೊಳೆದು ಕಟ್ಟಿದೀನಿ. ಗಂಜಿ ಕುಡಿಸಿದೀನಿ."

ಲಕ್ಷ್ಮಕ್ಕ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಇವರ ದನಿಯೂ ಮೆತ್ತಗಾಗಿತ್ತು. "ನಿಮ್ಮ ಹೆಸರೇನು ಭಾಯಿಸಾಬ್? ಯಾವೂರು ನಿಮ್ಮದು?" ಎಂದು, ಹೊಸ ಗಿರಾಕಿಯನ್ನು ಕೇಳುವ ಹಾಗೇ ಕೇಳಿದರು.

"ಅಶ್ರಫ್. ಮುಲ್ತಾನ್ ನಮ್ಮೂರು. ಪಾಕಿಸ್ತಾನ್."

ಮುಲ್ತಾನ್ ಅಂದರೆ ನನಗೆ ಗೊತ್ತಿದ್ದದ್ದು ಮುಖಕ್ಕೆ ಹಚ್ಚಿಕೊಳ್ಳುವ ಮಣ್ಣು ಮಾತ್ರ. ಪಾಕಿಸ್ತಾನ್ ಎಂಬ ಮಾತು ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಸೀರೆ ನೋಡುತ್ತಿದ್ದ ಹೆಂಗಸರ ಕೈ ನಿಂತಿತು. ಬಾಗಿಲಲ್ಲಿ ಯಾವನೋ ಮೊಬೈಲು ಎತ್ತಿ ಹಿಡಿದಿದ್ದ, ನಮ್ಮ ಕಡೆಯವನೋ ತಿಮ್ಮಣ್ಣನ ಕಡೆಯವನೋ ಗೊತ್ತಾಗಲಿಲ್ಲ. ಕಣ್ಣುಸನ್ನೆ ಮಾಡೋಣವೆಂದರೆ ಇವರು ನನ್ನ ಕಡೆ ನೋಡಲೇ ಇಲ್ಲ. ಒಳ್ಳೆಯ ಸೀರೆಯಲ್ಲಿ ಗಿರಾಕಿ ಹರುಕು ತೋರಿಸಿದಾಗ ಅವರ ಮುಖ ಹೇಗಾಗುತ್ತದೋ ಹಾಗಾಗಿತ್ತು. ಫೋನು ಇಟ್ಟುಬಿಡುತ್ತಾರೆ ಎಂದುಕೊಂಡೆ. ಇಟ್ಟರೆ ಆ ಹುಡುಗನ ಗತಿ? ಇಡದಿದ್ದರೆ ನಮ್ಮ ಗತಿ? ಎರಡೂ ಭಯಗಳು ನನ್ನೊಳಗೆ ಒಂದರ ಮೇಲೊಂದು ಬಿದ್ದವು.

ಇವರು ಗಂಟಲು ಸರಿಮಾಡಿಕೊಂಡರು. "ಮುಲ್ತಾನಾ? ಅಲ್ಲಿ ರೇಷ್ಮೆ ನೇಯ್ತಾರಲ್ವಾ ಭಾಯಿಸಾಬ್?"

ಆ ಕಡೆಯ ದನಿ ನಕ್ಕಿತು. "ನೇಯುತ್ತಿದ್ದರು. ಈಗ ಮಗ್ಗ ಕಡಿಮೆ. ಎಲ್ಲಾ ಕಡೆ ಚೀನಾದ್ದೇ."

"ಅಲ್ಲೂನಾ?" ಎಂದರು ನಮ್ಮವರು. ಎಷ್ಟು ಮನಸಾರೆ ಕೇಳಿದರೆಂದರೆ, ಇಷ್ಟು ದಿನದ ಭಾಷಣಗಳಲ್ಲೆಲ್ಲ ಅಷ್ಟು ನಿಜವಾದ ಮಾತು ನಾನು ಕೇಳಿರಲಿಲ್ಲ.

ಆಮೇಲೆ ಅಶ್ರಫ್ ಫೋನನ್ನು ಓಬಳೇಶನ ಕಿವಿಗೆ ಹಿಡಿದ. "ಅಮ್ಮಾ" ಎಂದು ಸಣ್ಣಗೆ ಕೇಳಿಸಿತು. ಲಕ್ಷ್ಮಕ್ಕ ಬಾಂಬು, ಗಾಯ, ಪಾಸ್‌ಪೋರ್ಟು ಏನೂ ಕೇಳಲಿಲ್ಲ. "ಏಮಿ ತಿಂಟಿವಿರಾ ನಾಯ್ನಾ?" ಎಂದಳು. ಏನು ತಿಂದೆಯೋ ಕಂದಾ ಎಂದು. ಸೀರೆ ನೋಡಲು ಬಂದ ಹೆಂಗಸರಲ್ಲಿ ಒಬ್ಬಳು ಅವಳ ಬೆನ್ನ ಮೇಲೆ ಕೈಯಿಟ್ಟಳು.

ಸಂಜೆಯೊಳಗೆ ವಿಡಿಯೊ ವಾರ್ಡಿನ ಮೊಬೈಲುಗಳಿಗೆಲ್ಲ ಹೋಯಿತು. ಲಕ್ಷ್ಮಕ್ಕ ಅದರಲ್ಲಿರಲಿಲ್ಲ, ಓಬಳೇಶನ ದನಿಯೂ ಇರಲಿಲ್ಲ. ಇವರು "ಭಾಯಿಸಾಬ್" ಅನ್ನುವುದು, ಆ ಕಡೆಯವನು "ಪಾಕಿಸ್ತಾನ್" ಅನ್ನುವುದು, ಇವರು ನಗುವುದು, ಇಷ್ಟೇ. ಕೆಳಗೆ ಯಾರೋ 'ಒಂದ್ ಮಾತೂ ಬ್ಯಾಡ ಅಂದೋರು ಇವರೇನಾ?' ಎಂದು ಬರೆದಿದ್ದರು. ಗೋಡೆಯ ಮೇಲಿನ ನಮ್ಮ ಕಪ್ಪು-ಬಸಿಗೆ ಯಾರೋ ಸಗಣಿ ಬಳಿದರು. ಗುರುತಿಲ್ಲದ ನಂಬರುಗಳಿಂದ ಫೋನು ಬಂದು ಆಡಬಾರದ ಮಾತು ಕೇಳಿಸಿಕೊಂಡೆವು. ನಾನು ಮನೆಯ ಮುಂಬಾಗಿಲ ಚಿಲಕ ಹಾಕಿ, ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಹಾಕಿದೆನೋ ಇಲ್ಲವೋ ಎಂದು ನೋಡಿ ಬರುತ್ತಿದ್ದೆ.

ಸ್ನೇಹಿತರು ಬಂದು ಕೂತರು. "ಪಂಚಣ್ಣ, ಅವ್ನು ಪಾಕಿಸ್ತಾನದೋನು ಅಂತ ಗೊತ್ತಿರ್ಲಿಲ್ಲ, ಗೊತ್ತಾದ್ ಕೂಡ್ಲೇ ಇಟ್ಬಿಟ್ಟೆ ಅಂತ ಹೇಳ್ಬಿಡ್ರಿ. ಮುಗೀತದೆ."

"ಇಟ್ಟಿಲ್ವಲ್ಲೋ" ಎಂದರು ಇವರು. "ಇವತ್ತೂ ಮಾಡ್ದೆ. ನಾಳೀನೂ ಮಾಡ್ಬೇಕು."

ನಿಜವಾಗಿಯೂ ಆ ದಿನಗಳಲ್ಲಿ ಅವರು ಮನೆಮನೆಗೆ ಹೋಗುವುದನ್ನೇ ಬಿಟ್ಟರು. ಗಾದಿಯ ಮೇಲೆ ಕೂತು ಫೋನು ಹಚ್ಚುವುದೇ ಕೆಲಸವಾಯಿತು. ರಾಯಭಾರ ಕಚೇರಿಯ ಗುಮಾಸ್ತ ಸಿಡುಕಿದರೆ, ಸಿಡುಕುವ ಬೀಗಿತ್ತಿಯನ್ನು ಮಾತಾಡಿಸಿದ ಹಾಗೆ, "ಪಾಪ, ನಿಮಗೆಷ್ಟು ಫೋನ್ ಬರ್ತಾವೋ, ಊಟ ಆಯ್ತಾ ಸಾರ್?" ಎಂದು ಶುರು ಮಾಡುತ್ತಿದ್ದರು. ಕಂಪನಿಯ ಮಲಯಾಳಿ ಲೆಕ್ಕಿಗನನ್ನು ಅಶ್ರಫ್ ಎಲ್ಲಿಂದಲೋ ಹುಡುಕಿ ಫೋನಿಗೆ ತಂದ. ಅವನು "ಪಾಸ್‌ಪೋರ್ಟ್ ಕೊಡೋಕೆ ನನಗೆ ಅಧಿಕಾರ ಇಲ್ಲ" ಎಂದ. ಇವರು ಸಿಟ್ಟಾಗಲಿಲ್ಲ, ಗೋಗರೆಯಲೂ ಇಲ್ಲ. ಮಾತನ್ನು ಸೀರೆಯಂತೆ ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. ಕೊನೆಗೆ ಅವನೇ ಹೋಗಿ ಬೀರು ತೆಗೆಸಿದ. ನಾನು ನೋಡುತ್ತಾ ನಿಂತಿದ್ದೆ. ನಾನು ಮದುವೆಯಾದ ಮನುಷ್ಯ ಇವರೇ, ಮೈಕಿನ ಮುಂದೆ ಕೂಗುತ್ತಿದ್ದವರು ಯಾರೋ ಗೊತ್ತಿಲ್ಲ ಅನ್ನಿಸಿತು. ಭಯ ಕಡಿಮೆಯಾಯಿತು ಎಂದಲ್ಲ. ಬೀದಿಯಲ್ಲಿ ಬೈಕು ನಿಂತರೆ ಕಲ್ಲು ಬೀಳುತ್ತದೆಯೇನೋ ಎಂದು ಹಣೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ.

ಕೊನೆಯ ಸಭೆಗೆ ಜನ ಹಿಂದೆಂದೂ ಇಲ್ಲದಷ್ಟು ಸೇರಿದರು. ನಾಟಕ ನೋಡಲು ಬಂದವರ ಮುಖ ಅವರದು. ಬುಡೇನ್ ಸಾಬರು ಅದೇ ಕಲ್ಲಿನ ಮೇಲಿದ್ದರು. ಲಕ್ಷ್ಮಕ್ಕ ನನ್ನ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಿದ್ದಳು. ಓಬಳೇಶ ಇನ್ನೂ ಬಂದಿರಲಿಲ್ಲ.

ಇವರು ಮೈಕು ಹಿಡಿದರು. ಮೊದಲು ಅದನ್ನು ಸ್ವಲ್ಪ ದೂರ ಸರಿಸಿದರು.

"ಒಂದ್ ಮಾತೂ ಬ್ಯಾಡ ಅಂತ ನಾನೇ ಅಂದಿದ್ದೆ. ಮೊನ್ನೆ ಮಾತಾಡ್ದೆ. ನಮ್ಮ ಓಣಿ ಹುಡುಗ ಅಲ್ಲಿ ಜ್ವರದಾಗೆ ಮಲಗಿದ್ದ, ಫೋನು ಎತ್ತಿದೋನು ಪಾಕಿಸ್ತಾನದೋನು. ಅವ್ನೇ ಗಾಯ ತೊಳ್ದಾನೆ. ನಮ್ಮೋರನ್ನ ಕೊಲ್ಲೋರ ಮ್ಯಾಲೆ ನನ್ ಸಿಟ್ಟು ಹಂಗೇ ಐತೆ, ಇರ್ತದೆ. ಆದ್ರೆ ಇವ್ನ ಮ್ಯಾಲೆ ಸಿಟ್ಟು ತರ್ಸಿಕೊಳ್ಳೋಕೆ ನೋಡ್ದೆ, ಬರ್ಲಿಲ್ಲ. ಕಿಟ್ಕೀನೂ ಹಾಕ್ರಿ ಅಂದಿದ್ನಲ್ಲ, ಹಾಕಿದ್ರೆ ಈ ಲಕ್ಷ್ಮಕ್ಕಗೆ ಮಗನ ದನಿ ಕೇಳ್ತಿರ್ಲಿಲ್ಲ. ಇಷ್ಟೇ ನಂಗೆ ಗೊತ್ತಿರೋದು. ವೋಟು ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದು."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಿಂದಿನಿಂದ ಯಾವನೋ ಶಿಳ್ಳೆ ಹಾಕಿದ, ಇನ್ಯಾರೋ "ಏ ಸುಮ್ನಿರಲೇ" ಎಂದರು. ಇವರು ಕಟ್ಟೆ ಇಳಿದು ಜನರ ನಡುವೆ ನಡೆದು ಬೇವಿನ ಮರದ ಕೆಳಗೆ ಹೋದರು. ಬುಡೇನ್ ಸಾಬರು ಸ್ವಲ್ಪ ಸರಿದು ಜಾಗ ಕೊಟ್ಟರು. ಇಬ್ಬರೂ ಅದೇ ಕಲ್ಲಿನ ಮೇಲೆ ಕೂತರು. ನೋಡುವವರೆಲ್ಲ ತಿರುಗಿ ನೋಡಿದರು. ಇಬ್ಬರಲ್ಲಿ ಯಾರೂ ಚಪ್ಪಲಿಯ ಕಡೆ ಬಗ್ಗಲಿಲ್ಲ. ಆಮೇಲೆ ಇವರು "ಟೀ ಕುಡಿಯಾನ ಬರ್ರಿ" ಅಂದದ್ದು ನನಗೆ ಕೇಳಿಸಿತು.

ಇವರು ಸೋತರು. ಚೆನ್ನಾಗಿಯೇ ಸೋತರು. ಸೋತರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತೇನೆ ಎಂದುಕೊಂಡಿದ್ದವಳು ನಾನು. ಫಲಿತಾಂಶ ಕೇಳಿ ಅಡುಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತೆ. ತಿಮ್ಮಣ್ಣ ಹಾರ ಹಾಕಿಕೊಂಡೇ ನಮ್ಮ ಮನೆಗೆ ಬಂದು, "ಆ ವಿಡಿಯೊ ನಾನು ಮಾಡ್ಸಿದ್ದಲ್ಲ ಪಂಚಣ್ಣ" ಎಂದರು. ಹೌದೋ ಅಲ್ಲವೋ, ಚರಂಡಿ ಕೆಲಸ ಶುರುವಾದಾಗ ಮೊದಲು ಅಗೆದದ್ದು ನಮ್ಮ ಮನೆಯ ಮುಂದೆಯೇ. ನೀರು ಈಗ ಚೆನ್ನಾಗಿ ಹರಿಯುತ್ತದೆ.

ಓಬಳೇಶ ಬಂದ. ಅಶ್ರಫ್ ಅವನನ್ನು ಪಕ್ಕದ ದೇಶಕ್ಕೆ ಹೋಗುವ ಬಸ್ಸು ಹತ್ತಿಸಿದ, ಅಲ್ಲಿಂದ ವಿಮಾನ ಹಾರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕುಂಟುತ್ತಾ ಇಳಿದ ಹುಡುಗನನ್ನು ಲಕ್ಷ್ಮಕ್ಕ ತಲೆಯಿಂದ ಕಾಲಿನವರೆಗೆ ಸವರಿ ನೋಡಿದಳು, ನೇಯ್ದ ಸೀರೆಯಲ್ಲಿ ಎಳೆ ತಪ್ಪಿದೆಯೇ ಎಂದು ನೋಡುವ ಹಾಗೆ. ಗಾಯ ಮಾಗಿತ್ತು. ಊರಿನಲ್ಲಿ ಕೆಲಸ ಹುಡುಕಿದ, ಸಿಕ್ಕಿದ್ದು ಸಾಲಲಿಲ್ಲ. ಆ ಕಡೆ ತಣ್ಣಗಾದ ಮೇಲೆ ಅಶ್ರಫನೇ ಬೇರೆ ಕಂಪನಿಯಲ್ಲಿ ಮಾತಾಡಿ ಕರೆಸಿಕೊಂಡ. ಹುಡುಗ ಮತ್ತೆ ಹೋಗುವುದು ಎಂದಾಗ ನಾನು ಲಕ್ಷ್ಮಕ್ಕನಿಗಿಂತ ಹೆಚ್ಚು ಹೆದರಿದೆ.

ಅವನು ಹೊರಡುವ ಮುಂಚೆ ಅಶ್ರಫನ ಫೋನು ಬಂತು. ಮಗಳ ಮದುವೆಯಂತೆ, ಊರಿಗೆ ಹೋಗುತ್ತಾನಂತೆ. ನಿಮ್ಮೂರಿನ ರೇಷ್ಮೆ ಸ್ವಲ್ಪ ಓಬ್ಲೇಶನ ಕೈಯಲ್ಲಿ ಕಳಿಸಿ, ಸೀರೆಯಲ್ಲ, ಬರೀ ಬಟ್ಟೆ, ಹೊಲಿಸಿಕೊಳ್ಳುತ್ತಾಳೆ ಎಂದ. "ಯಾವ ಬಣ್ಣ ಭಾಯಿಸಾಬ್?" ಎಂದು ಇವರು ಕೇಳಿದರೆ, "ನನಗೇನು ತಿಳಿಯುತ್ತೆ? ನಿಮ್ಮ ಬೇಗಂ ಆರಿಸಲಿ" ಎಂದನಂತೆ.

ಅದು ನನ್ನ ತಲೆಗೆ ಬಂತು. ಕಪಾಟಿನ ಮುಂದೆ ನಿಂತೆ. ಅಲ್ಲಿ ಮದುವೆಗೆ ಯಾವ ಬಣ್ಣ ಶುಭ, ಯಾವುದು ಆಗದು? ಅವರಲ್ಲಿ ಜರಿ ಹೆಚ್ಚು ಬೇಕೋ ಕಡಿಮೆಯೋ? "ರೀ, ಹುಡುಗಿ ಮೈಬಣ್ಣ ಹೆಂಗೈತೆ ಕೇಳ್ರಿ" ಎಂದೆ. ಇವರು ಕೇಳಿದರು. "ಗೋಧಿ ಬಣ್ಣ" ಎಂದ ಅಶ್ರಫ್. ಇಷ್ಟು ವರ್ಷ ನಮ್ಮ ಅಂಗಡಿಗೆ ಬಂದ ಹೆಣ್ಣಿನ ತಾಯಂದಿರೆಲ್ಲ ಹೇಳಿದ್ದು ಅದೇ ಮಾತು. ಬುಡೇನ್ ಸಾಬರು ನೂಲಿಗೆ ಗಿಳಿಹಸಿರು ಹಾಕಿಕೊಟ್ಟರು, ಲಕ್ಷ್ಮಕ್ಕ ಸಣ್ಣ ಬುಟ್ಟಾ ಹಾಕಿ ನೇಯ್ದಳು, ಅಂಚಿಗೆ ದಾಳಿಂಬೆ ಕೆಂಪು. ಬಟ್ಟೆ ಓಬಳೇಶನ ಬ್ಯಾಗಿನಲ್ಲಿ ಹೋಯಿತು. ಹೋದ ಗಳಿಗೆಯಿಂದ ನನಗೆ ಕಳವಳ. ಹಸಿರು ಕೊಂಚ ಗಾಢವಾಯಿತೋ ಏನೋ. ಹುಡುಗಿಗೆ ಹಿಡಿಸದಿದ್ದರೆ? ಮದುವೆಯ ಮನೆ, ಅತ್ತೆಯವರು ಏನಾದರೂ ಅಂದರೆ?

ಬಟ್ಟೆ ತಲುಪಿತು ಎಂದು ಹೇಳಲು ಅಶ್ರಫ್ ಫೋನು ಮಾಡಿದ. ಮಾರನೆಯ ದಿನ ಊರಿಗೆ ಹೊರಡುತ್ತಿದ್ದ. ಇವರು ಮದುವೆಗೆ ಶುಭ ಹೇಳಿ ಇನ್ನೇನು ಇಡಬೇಕು, ನಾನು ಹಿಂದಿನಿಂದ ಅಂದೆ, "ರೀ, ಬಣ್ಣ ಹಿಡಿಸದಿದ್ರೆ ವಾಪಸ್ ಕಳಿಸ್ಲಿ, ಬದ್ಲಾಯ್ಸಿ ಕೊಡ್ತೀವಿ ಅಂತ ಹೇಳ್ರಿ."

ಅಂಗಡಿಯಲ್ಲಿ ದಿನಾ ಹೇಳುವ ಮಾತು, ಬಾಯಿಗೆ ಬಂದುಬಿಟ್ಟಿತು. ಇವರು ಫೋನಿನ ಮೇಲೆ ಕೈ ಮುಚ್ಚಿ ನನ್ನನ್ನು ನೋಡಿದರು. ಮುಲ್ತಾನಿನಿಂದ ಮೊಳಕಾಲ್ಮೂರಿಗೆ ಬಟ್ಟೆ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ? ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕೈ ತೆಗೆದು, ನಾನು ಹೇಳಿದ್ದನ್ನು ಹಾಗೇ ಅವರ ಉರ್ದುವಿನಲ್ಲಿ ಹೇಳಿದರು.

ಆ ಕಡೆಯ ದನಿ ಫೋನಿನಿಂದ ದೂರ ಸರಿಯಿತು. ಲೈನು ಕಟ್ಟಾಯಿತೇನೋ ಎಂದು ನನಗೆ ಗಾಬರಿಯಾಯಿತು. ಹತ್ತಿರ ಹೋಗಿ ಕಿವಿಗೊಟ್ಟೆ.

ಕಟ್ಟಾಗಿರಲಿಲ್ಲ. ಅಶ್ರಫ್ ಪಕ್ಕದಲ್ಲಿದ್ದ ಓಬಳೇಶನಿಗೆ ನನ್ನ ಮಾತನ್ನೇ ಎರಡೆರಡು ಸಲ ಹೇಳುತ್ತಿದ್ದ, "ಹಿಡಿಸದಿದ್ದರೆ ಬದಲಾಯಿಸಿ ಕೊಡ್ತಾರಂತೆ!"